ಅಜ್ಜಿ ಮನೆಯ ಹಪ್ಪಳ ಮತ್ತು ರೆಕ್ಕೆಯಿಲ್ಲದ ಕಾಗೆಗಳು

'ಬಾಲ್ಯದ ಯಾವ ಸಂಗತಿ ನೆನಪಾದರೆ ಈಗಲೂ ನಿಮಗೆ ನಗು ಬರುತ್ತದೆ?' ಅಂತ ಕೇಳಿದ್ದೀರಿ. ನನಗೆ ತಕ್ಷಣ ನೆನಪಾಗೋದು ಹಲಸಿನ ಹಪ್ಪಳ.

ನಮ್ಮ ಅಜ್ಜಿ ಮನೆ ಪುತ್ತೂರಿನ ಹತ್ತಿರ. ಏಪ್ರಿಲ್ 10ಕ್ಕೆ ಶಾಲೆಯಲ್ಲಿ ಪಾಸು-ಫೇಲು ಹೇಳುತ್ತಿದ್ದರು, ಮರುದಿನವೇ ನಾವು ಬಸ್ಸು ಹತ್ತುತ್ತಿದ್ದೆವು. ಚಿಕ್ಕಮ್ಮ, ಮಾವಂದಿರ ಮಕ್ಕಳೆಲ್ಲ ಸೇರಿದರೆ ಒಂಬತ್ತು ಜನ. ಮಳೆಗಾಲ ಶುರುವಾಗುವ ಮೊದಲು ಹಪ್ಪಳ ಮುಗಿಯಬೇಕು. ಹಾಗಾಗಿ ಮನೆಯಲ್ಲಿ ಯಾರಿಗೂ ಬಿಡುವಿಲ್ಲ.

ಬಲಿತ, ಆದರೆ ಹಣ್ಣಾಗದ ಹಲಸೇ ಆಗಬೇಕು. ಅಜ್ಜ ಕೈಗೂ ಕತ್ತಿಗೂ ತೆಂಗಿನೆಣ್ಣೆ ಸವರಿಕೊಂಡು ಕಾಯಿ ಕೊರೆಯುತ್ತಿದ್ದರು, ಇಲ್ಲದಿದ್ದರೆ ಮೇಣ ಬಿಡುವುದೇ ಇಲ್ಲ. ಸೊಳೆಯನ್ನು ಅಟ್ಟಿನಳಗೆಯಲ್ಲಿ, ಅಂದರೆ ಹಬೆ ಪಾತ್ರೆಯಲ್ಲಿ ಬೇಯಿಸಿ, ಬಿಸಿ ಇರುವಾಗಲೇ ಉಪ್ಪು, ಮೆಣಸು, ಕೊತ್ತಂಬರಿ, ಜೀರಿಗೆ ಹಾಕಿ ಒರಳಲ್ಲಿ ಕುಟ್ಟುವುದು. ಅತ್ತೆ ಹಿಟ್ಟನ್ನು ನಿಂಬೆ ಗಾತ್ರದ ಉಂಡೆ ಮಾಡಿದರೆ, ಅಮ್ಮ ಎರಡು ಪ್ಲಾಸ್ಟಿಕ್ ಹಾಳೆಗಳ ನಡುವೆ ಇಟ್ಟು ಮಣೆಯಲ್ಲಿ ಒತ್ತುತ್ತಿದ್ದರು. ನಮಗೆ ಒಂದೊಂದು ಉಂಡೆ, ಮೇಲೆ ತೆಂಗಿನೆಣ್ಣೆ. ಅಬ್ಬಾ, ಆ ರುಚಿ!

ಆಮೇಲೆ ಅಂಗಳದ ಚಾಪೆ ಮೇಲೆ ಹರಡಿ, ಕಾಗೆ ಕಾಯುವ ಕೆಲಸ ಮಕ್ಕಳಿಗೆ. ಒಂದು ವಿಷಯ ಗೊತ್ತಾ? ಪೂರ್ತಿ ಒಣಗಿದ ಹಪ್ಪಳಕ್ಕಿಂತ ಅರ್ಧ ಒಣಗಿದ್ದು ರುಚಿ ಜಾಸ್ತಿ. ಅಂಚು ಗರಿಗರಿ, ನಡುವೆ ಮೆತ್ತಗೆ. ಒಬ್ಬ ಒಂದು ತಿಂದ, ಇನ್ನೊಬ್ಬಳು ಎರಡು ತಿಂದಳು. ಸಂಜೆ ಹೊತ್ತಿಗೆ ಒಂದು ಸಾಲೇ ಖಾಲಿ.

ಅಜ್ಜಿ ಬಂದು ಸೊಂಟಕ್ಕೆ ಕೈಯಿಟ್ಟು ನಿಂತರು. ಎಲ್ಲರೂ ಒಂದೇ ದನಿಯಲ್ಲಿ "ಕಾಗೆ ತಿಂತು ಅಜ್ಜಿ" ಅಂದೆವು.

"ಹೌದಾ? ಕಾಗೆಗೆ ಚಾಪೆಯ ಮೂಲೆಯಿಂದ ಸಾಲಾಗಿ ತಿನ್ನುವುದನ್ನು ಯಾರು ಕಲಿಸಿದ್ದು?"

ಯಾರ ಬಾಯಿಂದಲೂ ಮಾತಿಲ್ಲ. ಅಷ್ಟರಲ್ಲಿ ನಮ್ಮಲ್ಲಿ ಎಲ್ಲರಿಗಿಂತ ಚಿಕ್ಕವಳು, ಐದು ವರ್ಷದವಳು, "ಅಜ್ಜ ನಾಲ್ಕು ತಿಂದಿದ್ದಾರೆ" ಅಂದುಬಿಟ್ಟಳು! ಜಗಲಿಯಲ್ಲಿ ಎಲೆಯಡಿಕೆ ಹಾಕುತ್ತಿದ್ದ ಅಜ್ಜನಿಗೆ ಒಮ್ಮೆಲೇ ಕೆಮ್ಮು ಬಂತು. ಅಜ್ಜಿ ಬೈಯಲು ಬಾಯಿ ತೆರೆದವರು ನಕ್ಕರು. ನಗು ತಡೆಯಲಾಗದೆ ಅಲ್ಲೇ ಮೆಟ್ಟಿಲ ಮೇಲೆ ಕೂತು, ಸೆರಗಲ್ಲಿ ಕಣ್ಣೊರೆಸಿಕೊಂಡು ನಕ್ಕರು. ಅಜ್ಜಿ ಅಷ್ಟು ನಕ್ಕಿದ್ದನ್ನು ನಾನು ಮತ್ತೆ ನೋಡಿಲ್ಲ.

ಮರುದಿನ ಅಂಗಳದಲ್ಲಿ ದೊಡ್ಡ ಚಾಪೆ ಪಕ್ಕದಲ್ಲಿ ಒಂದು ಪುಟ್ಟ ಚಾಪೆ ಬಂತು. ಅದರಲ್ಲಿ ಹತ್ತೇ ಹಪ್ಪಳ. ಒಂಬತ್ತು ನಮಗೆ, ಒಂದು ಅಜ್ಜನಿಗೆ. "ಇದು ಕಾಗೆಗಳ ಪಾಲು, ದೊಡ್ಡ ಚಾಪೆ ಮುಟ್ಟಿದರೆ ನೋಡಿ" ಅಂದರು ಅಜ್ಜಿ. ಆಮೇಲಿನ ಪ್ರತಿ ಬೇಸಿಗೆಯಲ್ಲೂ ಆ ಪುಟ್ಟ ಚಾಪೆ ಇತ್ತು.

ಅಜ್ಜ-ಅಜ್ಜಿ ಈಗಿಲ್ಲ. ಅತ್ತೆ ಪ್ರತಿ ವರ್ಷ ಪೇಪರಲ್ಲಿ ಸುತ್ತಿ, ಬಾಳೆನಾರು ಕಟ್ಟಿ, ಬೆಂಗಳೂರಿಗೆ ಬಸ್ಸಲ್ಲಿ ಹಪ್ಪಳ ಕಳಿಸುತ್ತಾರೆ. ಆದರೆ ಅರ್ಧ ಒಣಗಿದ್ದನ್ನು ಕಳಿಸಲು ಆಗಲ್ಲ ಅಲ್ವಾ? ಅದಕ್ಕೇ ಮೇ ತಿಂಗಳಲ್ಲಿ ನಾಲ್ಕು ದಿನ ರಜೆ ಹಾಕಿ, ಮಗಳನ್ನು ಕರೆದುಕೊಂಡು ನಾನೇ ಹೋಗುತ್ತೇನೆ.