‘ಚಿರತೆ ಪ್ರತ್ಯಕ್ಷ’ ಎಂದು ಬರೆದವನ ಉತ್ತರ

ಪ್ರಶ್ನೆ: ಸಾರ್, ನಾನು ರೇಷ್ಮೆಗೂಡಿನಿಂದ ನೂಲು ಬಿಚ್ಚುವ ರೀಲರ್. ಮಗಳು ಬಿ.ಎ. ಓದುತ್ತಿದ್ದಾಳೆ. ಅವಳ ತತ್ತ್ವಶಾಸ್ತ್ರದ ನೋಟ್ಸಿನಲ್ಲೂ ‘ಸೆನ್ಸೇಷನಲಿಸಂ’ ಇದೆ, ಪತ್ರಿಕೋದ್ಯಮದ ನೋಟ್ಸಿನಲ್ಲೂ ಅದೇ. ಅಲ್ಲಿ ಅದು ದೊಡ್ಡ ಸಿದ್ಧಾಂತ, ಇಲ್ಲಿ ಬೈಗುಳ. ಎರಡೂ ಒಂದೇನಾ?
– ಓದುಗರೊಬ್ಬರು, ಶಿಡ್ಲಘಟ್ಟ

ಉತ್ತರ: ಬೇರು ಒಂದೇ. ಲ್ಯಾಟಿನ್ನಿನ ‘ಸೆನ್ಸಸ್’ (ಜನಗಣತಿಯದಲ್ಲ), ಅಂದರೆ ಇಂದ್ರಿಯಗಳ ಅರಿವು. ಆಮೇಲೆ ದಾರಿ ಕವಲೊಡೆಯಿತು.

ತತ್ತ್ವದ್ದು ನಿಮಗೆ ಹೊಸದೇನಲ್ಲ. ಗೂಡಿನ ಮಾರುಕಟ್ಟೆಯಲ್ಲಿ ರಾಶಿಯಿಂದ ನಾಲ್ಕು ಗೂಡು ಎತ್ತಿ, ಹಿಸುಕಿ, ಕಿವಿಯ ಹತ್ತಿರ ಅಲ್ಲಾಡಿಸುತ್ತೀರಲ್ಲ? ರೈತ ಏನೇ ಹೇಳಲಿ, ನಿಮ್ಮ ಬೆರಳು, ಕಿವಿ ಹೇಳಿದ್ದೇ ರೇಟು. ಮನುಷ್ಯನ ಅರಿವೆಲ್ಲ ಹೀಗೆ ಇಂದ್ರಿಯಗಳಿಂದಲೇ ಬಂದದ್ದು ಎನ್ನುವುದು ಆ ವಾದ. ಫ್ರಾನ್ಸಿನ ತತ್ತ್ವಜ್ಞಾನಿ ಕೊಂಡಿಯಾಕ್ 1754ರಲ್ಲಿ ಇದಕ್ಕೊಂದು ಚೆಂದದ ಕಲ್ಪನೆ ಕಟ್ಟಿದ. ಒಂದು ಅಮೃತಶಿಲೆಯ ಪ್ರತಿಮೆ; ಮೊದಲು ಅದರ ಮೂಗನ್ನಷ್ಟೇ ತೆರೆದು ಗುಲಾಬಿ ಹಿಡಿಯುತ್ತಾನೆ. ತಾನೇ ಗುಲಾಬಿಯ ವಾಸನೆ ಎಂದು ಪ್ರತಿಮೆಗೆ ಅನ್ನಿಸುತ್ತದೆ! ಹೂವು ತೆಗೆದ ಮೇಲೂ ಉಳಿದದ್ದು ನೆನಪು. ಇನ್ನೊಂದು ವಾಸನೆ ಬಂದರೆ ಹೋಲಿಕೆ, ಹಿಂದಿನದೇ ಬೇಕೆನಿಸಿದರೆ ಆಸೆ. ಹೊರಗೊಂದು ಲೋಕ ಇದೆ ಎಂದು ಅದಕ್ಕೆ ಕಲಿಸುವುದು ಮಾತ್ರ ಸ್ಪರ್ಶ. ಇಲ್ಲಿ ನಿಮ್ಮ ಬೆರಳನ್ನು ಅವನೂ ಒಪ್ಪುತ್ತಿದ್ದ. ನಮ್ಮ ಚಾರ್ವಾಕರೂ ಪ್ರತ್ಯಕ್ಷ ಒಂದೇ ಪ್ರಮಾಣ ಎಂದವರು.

ಪತ್ರಿಕೆಯ ಸೆನ್ಸೇಷನಲಿಸಂ ಓದುವವನ ಮೈ ಜುಮ್ಮೆನಿಸುವ ಕಸುಬು. 1890ರ ದಶಕದಲ್ಲಿ ನ್ಯೂಯಾರ್ಕಿನ ಪುಲಿಟ್ಜರ್ ಮತ್ತು ಹರ್ಸ್ಟ್ ಪತ್ರಿಕೆಗಳ ಪೈಪೋಟಿಯಲ್ಲಿ ಇದು ಮಿತಿಮೀರಿತು. ಇಬ್ಬರೂ ಎಳೆದಾಡಿದ ವ್ಯಂಗ್ಯಚಿತ್ರದ ಹಳದಿ ಅಂಗಿಯ ಹುಡುಗನಿಂದಲೇ ‘ಪೀತ ಪತ್ರಿಕೋದ್ಯಮ’ ಎಂಬ ಹೆಸರು. 1898ರ ಫೆಬ್ರುವರಿ 15ರಂದು ಆಗ ಸ್ಪೇನಿನ ಕೈಯಲ್ಲಿದ್ದ ಕ್ಯೂಬಾದ ಹವಾನಾ ಬಂದರಿನಲ್ಲಿ ‘ಮೇನ್’ ಎಂಬ ಅಮೆರಿಕದ ಯುದ್ಧನೌಕೆ ಸಿಡಿದು 260ಕ್ಕೂ ಹೆಚ್ಚು ಮಂದಿ ಸತ್ತರು. ತನಿಖೆ ಮುಗಿಯುವ ಮೊದಲೇ ಪತ್ರಿಕೆಗಳು ಸ್ಪೇನಿನತ್ತ ಬೆರಳು ತೋರಿಸಿದವು. ಸ್ಫೋಟ ಹಡಗಿನೊಳಗೇ ಆಗಿರಬೇಕೆಂದು ಅಮೆರಿಕದ ನೌಕಾಪಡೆಯ ರಿಕೋವರ್ ಅಧ್ಯಯನ ಹೇಳುವಷ್ಟರಲ್ಲಿ 1976 ಬಂದಿತ್ತು. ಬರೆದವರು ಯಾರೂ ಉಳಿದಿರಲಿಲ್ಲ, ಬಿಡಿ.

ಕಣ್ಣಾರೆ ಕಂಡದ್ದನ್ನೇ ನಂಬು ಅನ್ನುವ ಪದ, ಕಾಣದ್ದನ್ನು ಕಂಡಂತೆ ಮೈನಡುಗಿಸುವವನಿಗೂ ಅಂಟಿಕೊಂಡಿತು. ಇಂಗ್ಲಿಷನ್ನೇ ಯಾಕೆ ದೂರಬೇಕು? ನಮ್ಮ ‘ಪ್ರತ್ಯಕ್ಷ’ದ ಗತಿಯೂ ಅದೇ. ನಾನು ಚಿಕ್ಕಬಳ್ಳಾಪುರದಲ್ಲಿ ವರದಿಗಾರನಾಗಿದ್ದಾಗ, ನಂದಿಬೆಟ್ಟದ ಕಡೆಯ ಒಂದು ಹಳ್ಳಿಯಿಂದ ರಾತ್ರಿ ಫೋನು ಬಂತು. ‘ಚಿರತೆ ಪ್ರತ್ಯಕ್ಷ: ಗ್ರಾಮಸ್ಥರಲ್ಲಿ ಆತಂಕ’ ಎಂದು ಕೂತಲ್ಲೇ ಬರೆದೆ. ಯಾರಿಗೆ ಪ್ರತ್ಯಕ್ಷ? ಫೋನು ಮಾಡಿದವನಿಗೆ ಅವನ ಭಾವಮೈದ ಹೇಳಿದ್ದಂತೆ. ಆತಂಕ ಹುಟ್ಟಿದ್ದು ಮರುದಿನ ಪೇಪರು ಊರಿಗೆ ಹೋದ ಮೇಲೆ. ಎರಡು ದಿನ ಯಾರೂ ಬೆಳಗಿನ ಜಾವ ಹಿಪ್ಪುನೇರಳೆ ಸೊಪ್ಪು ಕೊಯ್ಯಲು ಹೋಗಲಿಲ್ಲ. ಮನೆಯಲ್ಲಿ ಹುಳ ಹಸಿದು ಕೂತರೆ ಏನಾಗುತ್ತದೆ, ನಿಮಗೆ ಹೇಳಬೇಕೆ?

ಮೂರನೆಯ ದಿನ ಹೋದೆ. ಫಾರೆಸ್ಟ್ ಗಾರ್ಡ್ ಕುಕ್ಕರಗಾಲಲ್ಲಿ ಕೂತು ಕೆಸರಿನ ಹೆಜ್ಜೆಗೆ ಕಡ್ಡಿ ಮುಟ್ಟಿಸಿದ. “ಉಗುರಿನ ಗುರುತು ನೋಡಿ ಸಾರ್. ಚಿರತೆ ನಡೆಯುವಾಗ ಉಗುರು ಒಳಕ್ಕೆ ಎಳೆದುಕೊಳ್ಳುತ್ತೆ. ಇದು ನಾಯಿ.”

ತಿದ್ದುಪಡಿ ಎರಡು ಸಾಲು ಬಂತು, ಏಳನೇ ಪುಟದಲ್ಲಿ, ಟೆಂಡರ್ ಪ್ರಕಟಣೆಯ ಕೆಳಗೆ.