ಸ್ಮಾರ್ಟ್ ಕ್ಲಾಸಿಗಿಂತ ಮೊದಲು ಸಂಕ

ನೀವೂ ನಿಮ್ಮ ಗೆಳೆಯರೂ ದುಡ್ಡು ಸೇರಿಸಿ ನಮ್ಮ ಕಡೆಯ ಸರ್ಕಾರಿ ಶಾಲೆಗೆ ಏನಾದರೂ ಮಾಡಬೇಕು ಅಂತಿದ್ದೀರಿ, ಯಾವುದು ಮೊದಲು ಅಂತ ಕೇಳಿದ್ದೀರಿ. ನಿಮ್ಮ ಪಟ್ಟಿಯಲ್ಲಿ ಸ್ಮಾರ್ಟ್ ಕ್ಲಾಸ್, ಕಂಪ್ಯೂಟರ್, ಗೋಡೆಗೆ ಬಣ್ಣ ಇವೆ. ಬೇಡ ಅನ್ನೋರು ಯಾರೂ ಇಲ್ಲ. ಆದರೆ ಇಲ್ಲಿನ ಅಪ್ಪ ಅಮ್ಮಂದಿರನ್ನು ಕೇಳಿದರೆ ಈ ಮೂರೂ ಪಟ್ಟಿಯ ಕೆಳಗೆ ಹೋಗುತ್ತವೆ.

ನಮ್ಮದು ಘಟ್ಟದ ಅಂಚು. ಶಿವಮೊಗ್ಗ ಜಿಲ್ಲೆಯ ತೀರ್ಥಹಳ್ಳಿ, ಹೊಸನಗರ ತಾಲ್ಲೂಕುಗಳು ಒಂದಕ್ಕೊಂದು ತಾಗುವ ಜಾಗ. ಆಗುಂಬೆಯಲ್ಲೋ ಹುಲಿಕಲ್ಲಿನಲ್ಲೋ ಇಳಿದರೆ ಉಡುಪಿ ಜಿಲ್ಲೆ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿ.ಮೀ.ಗೂ ಜಾಸ್ತಿ ಮಳೆ ಬೀಳುತ್ತೆ, ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಅಂದರೆ ಶಾಲೆ ಶುರುವಾದ ಮೊದಲ ನಾಲ್ಕು ತಿಂಗಳು. ಊರು ಅಂದರೆ ಇಲ್ಲಿ ಸಾಲುಮನೆಗಳಿಲ್ಲ. ಈ ಗುಡ್ಡದ ಬುಡಕ್ಕೆ ಒಂದು ಮನೆ, ಅದರ ತೋಟ, ಗದ್ದೆ, ಹಳ್ಳ. ಆಚೆ ದಿಬ್ಬದಲ್ಲಿ ಇನ್ನೊಂದು ಮನೆ. ಶಾಲೆ ಇವುಗಳ ಮಧ್ಯೆ ಎಲ್ಲೋ ಇರುತ್ತೆ.

ಶಿಕ್ಷಣ ಹಕ್ಕು ನಿಯಮದ ಪ್ರಕಾರ ಐದನೇ ತರಗತಿವರೆಗಿನ ಮಕ್ಕಳಿಗೆ 1 ಕಿ.ಮೀ. ಒಳಗೆ ಶಾಲೆ ಇರಬೇಕು, ಎಂಟರವರೆಗಿನವರಿಗೆ 3 ಕಿ.ಮೀ. ಒಳಗೆ. ಬೇಸಿಗೆಯಲ್ಲಿ ಅಳೆದರೆ ನಮ್ಮಲ್ಲೂ ಲೆಕ್ಕ ಸರಿಹೋಗುತ್ತೆ. ಪುನರ್ವಸು ಮಳೆ ಹಿಡಿದ ಮೇಲೆ ಬಂದು ಅಳೆಯಿರಿ. ನಡುವಿನ ಹಳ್ಳ ತುಂಬಿದರೆ ಆ 1 ಕಿ.ಮೀ. ದಾರಿಗೆ ಅರ್ಥವೇ ಇಲ್ಲ. ರಸ್ತೆ ಹಿಡಿದು ಸುತ್ತಿ ಬರಬೇಕು.

ಹಳ್ಳ ದಾಟೋದಕ್ಕೆ ಇರುವುದು ಕಾಲುಸಂಕ. ಎರಡೋ ಮೂರೋ ಅಡಿಕೆ ಮರ ಅಡ್ಡ ಹಾಕಿ ಕಟ್ಟಿರುತ್ತಾರೆ, ಒಂದು ಬದಿ ಹಿಡಿದುಕೊಳ್ಳೋಕೆ ಬಿದಿರು ಅಥವಾ ತಂತಿ. ಮಳೆಗಾಲಕ್ಕೆ ಮೊದಲು ಅಕ್ಕಪಕ್ಕದ ಮನೆಯವರೇ ಸೇರಿ ಕೊಳೆತ ಮರ ತೆಗೆದು ಹೊಸದು ಹಾಕುತ್ತಾರೆ. ಜುಲೈ ಹೊತ್ತಿಗೆ ಅದರ ಮೇಲೆ ಪಾಚಿ ಕಟ್ಟಿ, ದೊಡ್ಡವರೂ ಚಪ್ಪಲಿ ಕೈಯಲ್ಲಿ ಹಿಡಿದು ಅಡ್ಡಡ್ಡ ಹೆಜ್ಜೆ ಇಡುತ್ತಾರೆ. ಎರಡನೇ ತರಗತಿ ಮಗುವಿಗೆ ಒಂದು ಕೈಯಲ್ಲಿ ಕೊಡೆ, ಬೆನ್ನಿಗೆ ಬ್ಯಾಗು. ದಾಟಿಸೋಕೆ ಯಾರಾದರೂ ಬೇಕೇ ಬೇಕು. ಮಳೆ ಒಂದು ಗಳಿಗೆ ಹೊಳವಾದರೆ ಸಾಕು, ಅಪ್ಪ ಅಡಿಕೆಗೆ ಔಷಧಿ ಹೊಡೆಯುವ ಕೆಲಸಕ್ಕೆ ಓಡಿರುತ್ತಾನೆ. ಕೊಳೆ ರೋಗ ಕಾಯುತ್ತಾ ಕೂರಲ್ಲ ನೋಡಿ. ಅಮ್ಮ ನಾಟಿಗೆ ಹೋಗಿದ್ದರೆ ಆವತ್ತು ಮಗುವಿಗೆ ಶಾಲೆ ಇಲ್ಲ. ಹಾಜರಿ ಪುಸ್ತಕದಲ್ಲಿ ಇದು ಸುಮ್ನೆ ಗೈರುಹಾಜರಿ ಅಂತ ಬರುತ್ತೆ.

ಇದಕ್ಕೆ ಯೋಜನೆಗಳು ಇಲ್ಲ ಅಂತಲ್ಲ. ಲೋಕೋಪಯೋಗಿ ಇಲಾಖೆಯ ಶಾಲಾ ಸಂಪರ್ಕ ಸೇತು ಇದೆ, ಶಿವಮೊಗ್ಗದಲ್ಲಿ ಮಲೆನಾಡು ಪ್ರದೇಶಾಭಿವೃದ್ಧಿ ಮಂಡಳಿ ಇದೆ. ಎಷ್ಟೋ ಕಡೆ ಕಾಂಕ್ರೀಟ್ ಸಂಕ ಬಂದಿದೆ, ಒಳ್ಳೆಯ ಕೆಲಸವೇ. ಉಳಿದಿರುವುದು ಎರಡೇ ಮನೆ ಮಕ್ಕಳು ಓಡಾಡುವ ಹಳ್ಳಗಳು, ಕಾಡಿನ ಜಾಗದಲ್ಲಿ ಫೈಲು ನಿಂತ ಹಳ್ಳಗಳು. ನಮ್ಮ ಪಟ್ಟಿಯಲ್ಲಿ ಮೊದಲನೆಯದು ಇದೇ.

ಮಳೆ ರಜೆಯ ವಿಚಾರವೂ ಇದೇ ಜಾತಿಯದು. ರಜೆ ಘೋಷಣೆ ಆಗೋದು ಜಿಲ್ಲೆ, ತಾಲ್ಲೂಕು ಲೆಕ್ಕದಲ್ಲಿ. ತಾಲ್ಲೂಕಿನ ಗಡಿಯಲ್ಲಿರುವ ಮನೆಯಲ್ಲಿ ಅಣ್ಣ ಈಚೆ ತಾಲ್ಲೂಕಿನ ಹೈಸ್ಕೂಲಿಗೆ, ತಂಗಿ ಆಚೆ ತಾಲ್ಲೂಕಿನ ಪ್ರಾಥಮಿಕ ಶಾಲೆಗೆ ಹೋಗುತ್ತಿದ್ದರೆ ಒಬ್ಬರಿಗೆ ರಜೆ, ಒಬ್ಬರಿಗೆ ಇಲ್ಲ. ಇಬ್ಬರ ಮೇಲೂ ಬೀಳೋದು ಒಂದೇ ಮಳೆ!

ಎರಡನೆಯದು ಮೇಷ್ಟ್ರು. ಕಾಯ್ದೆ ಪ್ರಕಾರ 60 ಮಕ್ಕಳವರೆಗೆ ಇಬ್ಬರು ಶಿಕ್ಷಕರು ಇರಬೇಕು. ಕಾಗದದ ಮೇಲೆ ಇಬ್ಬರು ಇರುತ್ತಾರೆ ಕೂಡ. ಆದರೆ ಒಬ್ಬರು ಬೇರೆ ಶಾಲೆಗೆ ನಿಯೋಜನೆ, ಇಲ್ಲವೇ ಮತದಾರರ ಪಟ್ಟಿ, ಸಮೀಕ್ಷೆ. 2025ರಲ್ಲಿ ಜಾತಿ ಸಮೀಕ್ಷೆ ಮುಗಿಯಲಿಲ್ಲ ಅಂತ ದಸರಾ ರಜೆಯನ್ನೇ ಅಕ್ಟೋಬರ್ 18ರವರೆಗೆ ಎಳೆದಿದ್ದು ನಿಮಗೂ ಗೊತ್ತಿರುತ್ತೆ. ಒಬ್ಬರೇ ಉಳಿದ ದಿನ ಐದು ತರಗತಿಯೂ ಒಂದೇ ಕೋಣೆಯಲ್ಲಿ. ಒಂದರಿಂದ ಮೂರರವರೆಗೆ ನಲಿ-ಕಲಿ ಇರೋದರಿಂದ ಹೇಗೋ ನಡೆಯುತ್ತೆ, ಅದು ಬೇರೆ ಬೇರೆ ತರಗತಿಯವರು ಜೊತೆಗೆ ಕೂತು ಕಲಿಯೋ ಪದ್ಧತಿ. ನಾಲ್ಕು, ಐದನೆಯವರು ಪುಸ್ತಕ ತೆರೆದು ಕೂತಿರುತ್ತಾರೆ ಅಷ್ಟೇ.

ಮೇಷ್ಟ್ರನ್ನು ಬೈಯೋದು ಸುಲಭ. ಉತ್ತರ ಕರ್ನಾಟಕದಿಂದ ಕೆಲಸಕ್ಕೆ ಬಂದವರು ಉಳಿಯೋದಾದರೂ ಎಲ್ಲಿ? ನಮ್ಮಲ್ಲಿ ಬಾಡಿಗೆಮನೆ ಅನ್ನೋದೇ ಇಲ್ಲ. ತಾಲ್ಲೂಕು ಕೇಂದ್ರದಲ್ಲಿ ಮನೆ ಮಾಡಿ, ಬೆಳಗಿನ ಬಸ್ಸಿಗೆ ಬಂದು ಸಂಜೆ ಬಸ್ಸಿಗೆ ಹೋಗುತ್ತಾರೆ. ಬಸ್ಸು ಕೆಟ್ಟರೆ ಶಾಲೆಗೂ ತೊಂದರೆ. ವರ್ಗಾವಣೆಗೆ ಅವಕಾಶ ಸಿಕ್ಕ ತಕ್ಷಣ ಅರ್ಜಿ ಹಾಕುತ್ತಾರೆ. ಹಾಗಾಗಿ ಊರವರು ಅತಿಥಿ ಶಿಕ್ಷಕಿಯನ್ನು ಜಾಸ್ತಿ ನಂಬುತ್ತಾರೆ. ಆಕೆ ಇಲ್ಲೇ ಹುಟ್ಟಿದವಳು, ಹಳ್ಳ ಉಕ್ಕಿದರೂ ಹೇಗಾದರೂ ಬರುತ್ತಾಳೆ. ಅವಳ ಗೌರವಧನ ಮಾತ್ರ ತಿಂಗಳುಗಟ್ಟಲೆ ತಡ. ನೀವು ಕಂಪ್ಯೂಟರ್ ಕೊಡುವ ಬದಲು ಶಾಲೆ ಪಕ್ಕ ಒಂದು ಮನೆಯನ್ನು ವಾಸಕ್ಕೆ ಲಾಯಕ್ಕಾಗಿ ಮಾಡಿಕೊಟ್ಟರೆ, ಒಬ್ಬರಾದರೂ ಇಲ್ಲೇ ಉಳಿಯೋ ಸಾಧ್ಯತೆ ಇದೆ.

ಕಟ್ಟಡದ ಮಾತು. ಬಯಲುಸೀಮೆಗೆ ಹಾಕುವ ಅಂದಾಜುಪಟ್ಟಿಯಲ್ಲೇ ನಮಗೂ ಸಪಾಟು ತಾರಸಿಯ ಕೋಣೆ ಕಟ್ಟುತ್ತಾರೆ. ಕೆಲವೇ ಮಳೆಗಾಲಕ್ಕೆ ಸೋರುತ್ತೆ. ಆಮೇಲೆ ಅದರ ಮೇಲೆ ತಗಡಿನ ಶೀಟು. ಶೀಟಿನ ಮೇಲೆ ಜಡಿಮಳೆ ಬಿದ್ದರೆ ಮೇಷ್ಟ್ರ ದನಿ ಮೂರನೇ ಸಾಲಿಗೆ ಕೇಳಲ್ಲ, ಬೋರ್ಡಿನ ಮೇಲೆ ಬರೆದೇ ಪಾಠ. ಹಳೆಯ ಹೆಂಚಿನ ಕಟ್ಟಡಗಳೇ ವಾಸಿ, ಆದರೆ ಅಲ್ಲಿ ಮಂಗಗಳ ಕಾಟ. ಹೆಂಚು ಸರಿಸಿ ಹೋಗುತ್ತವೆ, ಕೆಳಗೆ ಬೆಂಚು ಜರುಗಿಸುತ್ತಾ ಇರಬೇಕು. ಕರೆಂಟು ಕೇಳಲೇಬೇಡಿ: ಮರ ಬಿದ್ದು ತಂತಿ ಹರಿದರೆ ಎರಡು ಮೂರು ದಿನ ಇಲ್ಲ. ಸ್ಮಾರ್ಟ್ ಕ್ಲಾಸನ್ನು ಯಾಕೆ ಕೆಳಗೆ ತಳ್ಳಿದೆ ಅಂತ ಈಗ ತಿಳಿಯಿತಲ್ವಾ?

ಬಿಸಿಯೂಟ ಚೆನ್ನಾಗಿ ನಡೆಯುತ್ತಿದೆ. ಹಾಲು, ಮೊಟ್ಟೆಯೂ ಬರುತ್ತೆ. ಅದಕ್ಕೆ ಕೈ ಹಾಕೋದು ಬೇಡ.

ಇನ್ನು ನೀವು ಮೆಲ್ಲಗೆ ಕೇಳಿದ ಪ್ರಶ್ನೆ: ಹತ್ತು ಮಕ್ಕಳ ಶಾಲೆಗಳನ್ನು ಸೇರಿಸಿ ಒಂದು ದೊಡ್ಡ ಶಾಲೆ ಮಾಡಬಾರದಾ? 2018ರಿಂದ ಶುರುವಾದ ಕರ್ನಾಟಕ ಪಬ್ಲಿಕ್ ಶಾಲೆಗಳು, ಅಂದರೆ ಎಲ್‌ಕೆಜಿಯಿಂದ ಪಿಯುಸಿವರೆಗೆ ಒಂದೇ ಕಡೆ ಇರುವ ಸರ್ಕಾರಿ ಶಾಲೆಗಳು, ಹೆಚ್ಚುಕಮ್ಮಿ ಅದೇ ದಿಕ್ಕಿನವು. ಊರಲ್ಲಿ ಇದಕ್ಕೆ ಒಂದೇ ಮಾತಿಲ್ಲ. ಹಿರಿಯರು ಶಾಲೆ ಮುಚ್ಚಿದರೆ ಊರೇ ಹೋದಂತೆ ಅನ್ನುತ್ತಾರೆ. ಚಿಕ್ಕ ಮಕ್ಕಳ ತಾಯಂದಿರು ಅಷ್ಟು ಖಡಾಖಂಡಿತವಾಗಿ ಹೇಳಲ್ಲ. ಮಗುವಿಗೆ ಆಟಕ್ಕೆ ಜೊತೆ ಬೇಕು, ಇಂಗ್ಲಿಷ್ ಬೇಕು, ತರಗತಿಗೊಬ್ಬರು ಟೀಚರ್ ಬೇಕು ಅಂತಾರೆ. ನನಗೂ ಅವರ ಮಾತೇ ಸರಿ ಕಾಣುತ್ತೆ, ಆದರೆ ವಾಹನ ಬರುವ ಖಾತ್ರಿ ಇದ್ದರೆ ಮಾತ್ರ. ವಾಹನ ಮೊದಲು ಓಡಲಿ, ಒಂದು ಮಳೆಗಾಲ ನೋಡೋಣ, ಆಮೇಲೆ ಹಳೇ ಶಾಲೆಯ ಬಾಗಿಲ ಮಾತು.

ಖಾಸಗಿ ಇಂಗ್ಲಿಷ್ ಮೀಡಿಯಂ ಶಾಲೆಗಳು ಗೆದ್ದಿರೋದೇ ಹಳದಿ ವ್ಯಾನಿನಿಂದ. ಪಾಠ ಹೇಗೋ ಏನೋ, ವ್ಯಾನು ಮನೆ ದಾರಿಯ ತುದಿಗೆ ಬಂದು ಹಾರನ್ ಹೊಡೆಯುತ್ತೆ. ಸರ್ಕಾರಿ ಶಾಲೆಯ ಕೆಲವು ಪೋಷಕರು ಸೇರಿ ಆಟೋ ಗೊತ್ತು ಮಾಡುವುದುಂಟು. ಕೂಲಿ ಮಾಡುವ ಮನೆಯವರಿಗೆ ತಿಂಗಳ ಬಾಡಿಗೆ ಹೊರೆ. ನಿಮ್ಮ ಗೆಳೆಯರ ದುಡ್ಡು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಬಾಡಿಗೆಗೆ ಆದರೂ ದೊಡ್ಡ ಉಪಕಾರ. ಎಸ್‌ಡಿಎಂಸಿ, ಅಂದರೆ ಶಾಲಾಭಿವೃದ್ಧಿ ಸಮಿತಿ ಮೂಲಕವೇ ಕೊಡಿ, ಅದರಲ್ಲಿ ಪೋಷಕರೇ ಜಾಸ್ತಿ ಇರುತ್ತಾರೆ. ಸಭೆಗೆ ಬರೋದಾದರೆ ಅಡಿಕೆ ಸುಲಿಯುವ ಕಾಲದಲ್ಲಿ ಬೇಡ, ಯಾರೂ ಸಿಗಲ್ಲ. ಏಪ್ರಿಲ್‌ನಲ್ಲಿ ಫಲಿತಾಂಶ ಹೇಳುವ ದಿನ ತಾಯಂದಿರು ಶಾಲೆಗೆ ಬಂದಿರುತ್ತಾರೆ. ಆವತ್ತೇ ಆಟೋ ವಿಷಯ ಹೇಳಿಬಿಡಿ. ಮೇ ತಿಂಗಳು ಕಳೆದರೆ ಅಷ್ಟರಲ್ಲಿ ಬೇರೆ ಕಡೆ ಫೀಸು ಕಟ್ಟಿ ಆಗಿರುತ್ತೆ.