ಝೂಮ್ ಎದುರಿಗೇ ಜೇ ಇದ್ದನಲ್ಲ?

ಅಮೆರಿಕದ ಸಿಡಬ್ಲ್ಯೂ ವಾಹಿನಿಯಲ್ಲಿ 2014ರಿಂದ 2023ರವರೆಗೆ ಒಂಬತ್ತು ಸೀಸನ್ ಓಡಿದ ಸೂಪರ್‌ಹೀರೊ ಧಾರಾವಾಹಿ ‘ದಿ ಫ್ಲ್ಯಾಶ್’. ಮಿಂಚಿನ ವೇಗದ ಬ್ಯಾರಿ ಆಲನ್‌ಗೆ ಎದುರಾಗುವ ಖಳರು ಅಸಲಿಗೆ ಯಾರು, ಅದನ್ನು ಮೊದಲೇ ಊಹಿಸಬಹುದಿತ್ತೇ ಎಂಬುದೇ ಈ ಸಲದ ಪತ್ರಗಳ ವಿಷಯ. ಮೊದಲ ಮೂರು ಸೀಸನ್‌ಗಳ ಗುಟ್ಟೆಲ್ಲ ಇಲ್ಲಿ ಬಯಲಾಗುತ್ತದೆ. ಇನ್ನೂ ನೋಡದವರು ನೋಡಿ ಮುಗಿಸಿದ ಮೇಲೆ ಓದಿ.

ಪ್ರಶ್ನೆ: ಮೊದಲ ಕಂತಿನಲ್ಲೇ ಬ್ಯಾರಿಗೆ ನೆರವಾಗುವ ವಿಜ್ಞಾನಿ ಹ್ಯಾರಿಸನ್ ವೆಲ್ಸ್ ಗಾಲಿಕುರ್ಚಿಯಿಂದ ಎದ್ದು ನಡೆಯುತ್ತಾನೆ. ಖಳ ಯಾರೆಂದು ಅಲ್ಲಿಗೇ ಗೊತ್ತಾಯಿತಲ್ಲ? ಮತ್ತೆ ಅಭಿಮಾನಿಗಳು ತಿಂಗಳುಗಟ್ಟಲೆ ಪೊಲೀಸ್ ಅಧಿಕಾರಿ ಎಡ್ಡಿ ಥಾನ್ ಮೇಲೆ ಅನುಮಾನ ಪಟ್ಟದ್ದು ಏಕೆ? (ಹುಬ್ಬಳ್ಳಿ)

ಉತ್ತರ: ಎದ್ದು ನಿಂತದ್ದರಿಂದ ತಿಳಿದದ್ದು ಒಂದೇ, ಅವನು ಏನನ್ನೋ ಮುಚ್ಚಿಡುತ್ತಿದ್ದಾನೆ ಎಂಬುದು. ಬ್ಯಾರಿಯ ತಾಯಿಯನ್ನು ಕೊಂದ ಹಳದಿ ದಿರಿಸಿನವನು ಅವನೇನಾ, ಆಗಿದ್ದರೆ ಅವನ ನಿಜವಾದ ಹೆಸರೇನು, ವೆಲ್ಸ್‌ನ ಮುಖ ಅವನಿಗೆ ಹೇಗೆ ಬಂತು ಎಂಬ ಮೂರು ಪ್ರಶ್ನೆಗಳು ಹಾಗೇ ಉಳಿದವು. ಮೊದಲನೆಯದಕ್ಕೆ ಉತ್ತರ ಸಿಕ್ಕಿದ್ದು 9ನೇ ಕಂತಿನಲ್ಲಿ, ಎರಡನೆಯದಕ್ಕೆ 15ರಲ್ಲಿ, ಮೂರನೆಯದಕ್ಕೆ 17ರಲ್ಲಿ. ಭವಿಷ್ಯದಿಂದ ಬಂದ ಇಯೋಬಾರ್ಡ್ ಥಾನ್ ಅಸಲಿ ವೆಲ್ಸ್‌ನನ್ನು ಕೊಂದು ಅವನ ರೂಪ ಕದ್ದಿದ್ದ.

ಎಡ್ಡಿ ಮೇಲಿನ ಅನುಮಾನಕ್ಕೆ ಎರಡು ಕಾರಣಗಳಿದ್ದವು. 1963ರಿಂದಲೇ ಕಾಮಿಕ್ಸ್‌ನಲ್ಲಿ ಇಯೋಬಾರ್ಡ್ ಥಾನ್ ಇದ್ದಾನೆ; ಓದಿದವರಿಗೆ ‘ಥಾನ್’ ಎಂದು ಕೇಳಿದರೆ ಸಾಕು, ಕಿವಿ ನೆಟ್ಟಗಾಗುತ್ತದೆ. ಜೊತೆಗೆ 9ನೇ ಕಂತಿನಲ್ಲಿ ಹಳದಿ ದಿರಿಸಿನವನು ಪೊಲೀಸ್ ತಂಡವನ್ನು ಕೊಂದು ಎಡ್ಡಿಯನ್ನು ಮಾತ್ರ ಬಿಟ್ಟುಬಿಡುತ್ತಾನೆ. ಸುಳಿವನ್ನು ಗುರುತಿಸಿದ್ದರಲ್ಲಿ ತಪ್ಪಿರಲಿಲ್ಲ, ಅದನ್ನು ಓದಿದ ರೀತಿ ತಪ್ಪಿತು. ಎಡ್ಡಿ ಖಳನಲ್ಲ, ಖಳನ ಪೂರ್ವಜ. ಅವನನ್ನು ಕೊಂದರೆ ಕೊಂದವನೇ ಹುಟ್ಟುವುದಿಲ್ಲ. ಸೀಸನ್ನಿನ ಕೊನೆಯಲ್ಲಿ ಎಡ್ಡಿ ತನಗೆ ತಾನೇ ಗುಂಡು ಹಾರಿಸಿಕೊಂಡಾಗ ಇಯೋಬಾರ್ಡ್ ಕರಗಿಹೋಗುವುದು ಇದೇ ಲೆಕ್ಕದಿಂದ.

ಅದೇ 9ನೇ ಕಂತು ಇನ್ನೂ ಹಲವರ ದಾರಿ ತಪ್ಪಿಸಿತು. ಹಳದಿ ದಿರಿಸಿನವನು ವೆಲ್ಸ್‌ನನ್ನೇ ಹಿಡಿದು ಬಡಿಯುತ್ತಾನೆ. ಇಬ್ಬರೂ ಒಟ್ಟಿಗೆ ಕಂಡರು, ಹಾಗಾಗಿ ಇಬ್ಬರೂ ಬೇರೆ ಎಂದು ತೀರ್ಮಾನಿಸಿದವರು ಬಹಳ. 15ರಲ್ಲಿ ಬ್ಯಾರಿಯ ತಂಡದ ಸಿಸ್ಕೊ, ಅವನನ್ನು ಹಿಡಿಯಲು ಒಡ್ಡಿದ್ದ ಬಲೆಯ ದಾಖಲೆ ಪರಿಶೀಲಿಸಿದಾಗ ಒಳಗಿದ್ದದ್ದು ಬರೀ ಬಿಂಬ ಎಂದು ಗೊತ್ತಾಗುತ್ತದೆ. ಬೇರೆ ಪತ್ತೇದಾರಿ ಕಥೆಗಳಲ್ಲಿ ‘ಒಟ್ಟಿಗೆ ಕಂಡರು’ ಎಂಬುದು ಗಟ್ಟಿ ಸಾಕ್ಷಿ. ವೇಗ ಮತ್ತು ಕಾಲಪ್ರಯಾಣ ಇರುವ ಕಥೆಯಲ್ಲಿ ಅದು ಸಾಕ್ಷಿಯೇ ಅಲ್ಲ.

ಪ್ರಶ್ನೆ: ಎರಡನೇ ಸೀಸನ್‌ನಲ್ಲಿ ಮುಖವಾಡದ ಖಳ ಝೂಮ್ ನಮ್ಮ ಕಣ್ಣೆದುರೇ, ಸಮಾಂತರ ಜಗತ್ತಿನ ಇನ್ನೊಂದು ಭೂಮಿಯಿಂದ ಬಂದು ಬ್ಯಾರಿಯ ತಂಡ ಸೇರಿದ ಜೇ ಗ್ಯಾರಿಕ್‌ನ ಎದೆ ಸೀಳುತ್ತಾನೆ. ಮುಂದಿನ ಕಂತಿನಲ್ಲಿ ಮುಖವಾಡ ತೆಗೆದರೆ ಒಳಗೆ ಅದೇ ಜೇ! ಇದು ನೋಡುಗರಿಗೆ ಮಾಡಿದ ಮೋಸವಲ್ಲವೇ? (ಮೈಸೂರು)

ಉತ್ತರ: ಅರ್ಧ ನ್ಯಾಯ, ಅರ್ಧ ಮೋಸ. ‘ಯಾರು’ ಎಂಬುದನ್ನು ಊಹಿಸಲು ಬೇಕಾದಷ್ಟು ಕೊಟ್ಟಿದ್ದರು, ‘ಹೇಗೆ’ ಎಂಬುದಕ್ಕೆ ಕೊಟ್ಟಿರಲಿಲ್ಲ.

ಮೊದಲು ಹೇಗೆ ಎಂಬುದನ್ನು ನೋಡೋಣ. ಸತ್ತದ್ದು ‘ಟೈಮ್ ರೆಮ್ನೆಂಟ್’, ಅಂದರೆ ಕಾಲದಲ್ಲಿ ಹಿಂದೆ ಹೋಗಿ ಕರೆತಂದ ತನ್ನದೇ ಇನ್ನೊಂದು ಪ್ರತಿ. ಸಾಯಲು ಒಪ್ಪಿಸಿಯೇ ಅದನ್ನು ತಂದಿದ್ದ. ಕೊಲೆ ನಡೆದದ್ದು 14ನೇ ಕಂತಿನ ಕೊನೆಯಲ್ಲಿ, ಮುಖ ಕಂಡದ್ದು 15ರಲ್ಲಿ, ಈ ವಿವರಣೆ ಬಂದದ್ದು 18ರಲ್ಲಿ. ‘ಜೇ ಸತ್ತ, ಹಾಗಾಗಿ ಪಟ್ಟಿಯಿಂದ ಹೊರಗೆ’ ಎಂದು ಗೆರೆ ಎಳೆದವರನ್ನು ತಪ್ಪೆನ್ನಲು ಮನಸ್ಸು ಬಾರದು.

ಇನ್ನು ಯಾರು ಎಂಬುದಕ್ಕೆ ಇದ್ದ ಸುಳಿವುಗಳು. ಒಂದು, ಝೂಮ್‌ನ ಮಿಂಚಿನ ಬಣ್ಣ. ಬ್ಯಾರಿಯದು ಹಳದಿ, ಥಾನ್‌ನದು ಕೆಂಪು, ಝೂಮ್‌ನದು ಮೊದಲಿನಿಂದಲೂ ನೀಲಿ. 16ನೇ ಕಂತಿನಲ್ಲಿ ವೆಲಾಸಿಟಿ-9 ಎಂಬ ಔಷಧ ಚುಚ್ಚಿಕೊಂಡು ಓಡುವ ಹುಡುಗಿಯೊಬ್ಬಳ ಮಿಂಚು ನೀಲಿಗೆ ತಿರುಗಿ, ಅವಳು ಅಲ್ಲೇ ಪುಡಿಯಾಗಿ ಮಾಯವಾಗುತ್ತಾಳೆ. ನೀಲಿ ಎಂದರೆ ಔಷಧದಿಂದ ಬಂದ ಕಾಯಿಲೆ. ಅದೇ ಬಗೆಯ ಔಷಧ ತೆಗೆದುಕೊಂಡು ಕಾಯಿಲೆ ಬಿದ್ದಿದ್ದವನು ಜೇ. ಬ್ಯಾರಿಗೆ ಹೊಳೆಯುವುದು ಅಲ್ಲಿಯೇ. ಎರಡು, ಜೇ ಒಮ್ಮೆ ತಂಡದ ಕೇಟ್ಲಿನ್‌ಗೆ ಪಾರ್ಕಿನ ಬೆಂಚಿನ ಮೇಲೆ ಕೂತ ತನ್ನದೇ ಮುಖದವನನ್ನು ತೋರಿಸಿ ಅವನ ಹೆಸರು ಹಂಟರ್ ಝೊಲೊಮನ್ ಎನ್ನುತ್ತಾನೆ. ಕಾಮಿಕ್ಸ್‌ನಲ್ಲಿ ಝೂಮ್‌ನ ಅಸಲಿ ಹೆಸರೇ ಅದು. ಜೇ ಮುಖ ಝೊಲೊಮನ್‌ಗೆ ಇದೆ, ಝೊಲೊಮನ್ ಎಂದರೆ ಝೂಮ್. ಇಷ್ಟನ್ನು ಜೋಡಿಸಿದವರು ಗೆದ್ದರು.

ಧ್ವನಿಯನ್ನು ನಂಬಿ ಕೆಟ್ಟವರೂ ಇದ್ದಾರೆ. ಮುಖವಾಡ ಹಾಕಿದ ಝೂಮ್‌ಗೆ ಧ್ವನಿ ಕೊಟ್ಟವರು ಟೋನಿ ಟಾಡ್, ಒಳಗಿನ ನಟ ಟೆಡ್ಡಿ ಸಿಯರ್ಸ್. ಮೂರನೇ ಸೀಸನ್ನಿನ ಖಳ ಸವಿತಾರ್‌ಗೂ ಹಾಗೆಯೇ, ಧ್ವನಿ ಟೋಬಿನ್ ಬೆಲ್ ಅವರದು. ಈ ಧಾರಾವಾಹಿಯಲ್ಲಿ ಕಿವಿಯಿಂದ ಆಳನ್ನು ಹಿಡಿಯಲು ಹೋಗಬೇಡಿ.

ಪ್ರಶ್ನೆ: ಝೂಮ್ ಸೆರೆಯಲ್ಲಿಟ್ಟ ಕಬ್ಬಿಣದ ಮುಖವಾಡದ ಕೈದಿ ಗಾಜಿಗೆ ತಟ್ಟಿ ‘ಜೇ’ ಎಂದು ಹೇಳಿದ ಸಂಕೇತ ಹೇಗೆ ಕೆಲಸ ಮಾಡುತ್ತದೆ? (ಶಿವಮೊಗ್ಗ)

ಉತ್ತರ: ಐದು ಸಾಲು, ಐದು ಕಂಬ ಸಾಲಿನ ಚೌಕ ಬರೆಯಿರಿ. ಇಂಗ್ಲಿಷಿನ 26 ಅಕ್ಷರಗಳನ್ನು 25 ಮನೆಗೆ ತುಂಬಬೇಕು, ಆದ್ದರಿಂದ ‘ಕೆ’ಯನ್ನು ಬಿಟ್ಟು ‘ಸಿ’ ಮನೆಯಲ್ಲೇ ಸೇರಿಸುತ್ತಾರೆ. ಮೊದಲು ತಟ್ಟುವುದು ಸಾಲಿನ ಸಂಖ್ಯೆ, ಸ್ವಲ್ಪ ಬಿಟ್ಟು ತಟ್ಟುವುದು ಕಂಬದ ಸಂಖ್ಯೆ. ರೂಢಿಯ ಚೌಕದಲ್ಲಿ ‘ಜೆ’ ಎಂದರೆ 2 ಮತ್ತು 5, ‘ಎ’ ಎಂದರೆ 1 ಮತ್ತು 1, ‘ವೈ’ ಎಂದರೆ 5 ಮತ್ತು 4. ಮೂರಕ್ಷರಕ್ಕೆ ಒಟ್ಟು 18 ತಟ್ಟು. ವಿಯೆಟ್ನಾಂ ಯುದ್ಧದಲ್ಲಿ ಸೆರೆ ಸಿಕ್ಕ ಅಮೆರಿಕನ್ ಸೈನಿಕರು ಗೋಡೆ ತಟ್ಟಿ ಮಾತಾಡಿಕೊಂಡದ್ದು ಇದೇ ವಿಧಾನದಿಂದ. ಎಣಿಸುವಾಗ ಎಡವುವುದು ಎರಡು ಕಡೆ: ‘ಕೆ’ಗೂ ಮನೆ ಕೊಟ್ಟರೆ ಅದರ ನಂತರದ ಅಕ್ಷರಗಳೆಲ್ಲ ಒಂದೊಂದು ಮನೆ ಸರಿಯುತ್ತವೆ; ನಡುವಿನ ಬಿಡುವು ಗಮನಿಸದಿದ್ದರೆ 2 ಮತ್ತು 5 ಸೇರಿ 7 ಆಗಿಬಿಡುತ್ತದೆ.

‘ಜೇ’ ಎಂಬ ಒಂದು ಪದಕ್ಕೆ ಮೂರು ಅರ್ಥ ಸಾಧ್ಯವಿತ್ತು: ಜೇಗೆ ತಿಳಿಸಿ, ಜೇ ಬಗ್ಗೆ ಎಚ್ಚರ, ನಾನೇ ಜೇ. ಹೆಚ್ಚಿನವರು ಮೊದಲೆರಡರಲ್ಲೇ ಸುತ್ತಿದರು. ಸರಿಯಾದದ್ದು ಮೂರನೆಯದು. 2016ರ ಮೇ 24ರ ಕೊನೆಯ ಕಂತಿನಲ್ಲಿ ಮುಖವಾಡ ಬಿಚ್ಚಿದಾಗ ಒಳಗಿದ್ದವನು ಇನ್ನೊಂದು ಭೂಮಿಯ ಅಸಲಿ ಜೇ ಗ್ಯಾರಿಕ್ (ಝೂಮ್ ಕದ್ದದ್ದು ಇವನ ಹೆಸರನ್ನೇ), ಬ್ಯಾರಿಯ ತಂದೆ ಹೆನ್ರಿಯದೇ ಮುಖ. ತನ್ನ ತಾಯಿಯ ತವರಿನ ಹೆಸರು ಗ್ಯಾರಿಕ್ ಎಂದು ಹೆನ್ರಿ ಅದಕ್ಕೂ ಮೊದಲೇ ಒಂದು ಮಾತು ಹೇಳಿರುತ್ತಾನೆ. ಆ ನಟ ಜಾನ್ ವೆಸ್ಲಿ ಶಿಪ್ 1990ರ ಹಳೆಯ ಧಾರಾವಾಹಿಯಲ್ಲಿ ಸ್ವತಃ ಫ್ಲ್ಯಾಶ್ ಆಗಿದ್ದವರು. ಅವರಿಗೆ ಮತ್ತೆ ಫ್ಲ್ಯಾಶ್ ದಿರಿಸು ತೊಡಿಸಿದ್ದು ಈ ಧಾರಾವಾಹಿ ಮಾಡಿದ ಅತಿ ಚೆಂದದ ಕೆಲಸಗಳಲ್ಲಿ ಒಂದು.

ಪ್ರಶ್ನೆ: ಮೂರನೇ ಸೀಸನ್ನಿನ ಸವಿತಾರ್‌ಗೂ ಗಾಯತ್ರಿ ಮಂತ್ರದ ಸವಿತೃವಿಗೂ ಸಂಬಂಧವಿದೆಯೇ? ಹೆಸರಿನಿಂದ ಗುಟ್ಟು ತಿಳಿಯಬಹುದಿತ್ತೇ? (ಉಡುಪಿ)

ಉತ್ತರ: ಹೆಸರು ಅಲ್ಲಿಂದಲೇ ಬಂದದ್ದು. ‘ತತ್ಸವಿತುರ್ವರೇಣ್ಯಂ’ ಎಂಬಲ್ಲಿರುವ ಸವಿತೃವೇ ಇಂಗ್ಲಿಷಿನಲ್ಲಿ ‘ಸವಿತಾರ್’ ಆಗಿದೆ. ಧಾರಾವಾಹಿಯಲ್ಲಿ ಅವನನ್ನು ಹಿಂದೂಗಳ ಚಲನೆಯ ದೇವರು ಎನ್ನುತ್ತಾರೆ. ಋಗ್ವೇದದ ಸವಿತೃ ಸೂರ್ಯನ ರೂಪ, ಎಲ್ಲವನ್ನೂ ಪ್ರೇರೇಪಿಸುವವನು. ಮಂತ್ರ ಕೇಳುವುದೂ ನಮ್ಮ ಬುದ್ಧಿಯನ್ನು ಪ್ರಚೋದಿಸೆಂದೇ. ಓಟದ ದೇವರೆಂದು ಹೇಳುವುದು ಅರ್ಥವನ್ನು ಬಹಳ ಕುಗ್ಗಿಸಿದಂತೆ. ಆದರೆ ಖಳನ ಗುರುತಿಗೂ ಈ ಹೆಸರಿಗೂ ಸಂಬಂಧವಿಲ್ಲ, ವೇದ ಬಲ್ಲವರಿಗೆ ಇಲ್ಲಿ ಹೆಚ್ಚಿನ ಸುಳಿವೇನೂ ಸಿಗುತ್ತಿರಲಿಲ್ಲ.

20ನೇ ಕಂತಿನಲ್ಲಿ ಲೋಹದ ಕವಚದಿಂದ ಇಳಿದು ಬರುವವನು ಮುಖದ ಒಂದು ಪಕ್ಕ ಸುಟ್ಟ ಬ್ಯಾರಿ, ಭವಿಷ್ಯದಲ್ಲಿ ಹುಟ್ಟಿದ ಅವನದೇ ರೆಮ್ನೆಂಟ್. ‘ಬ್ಯಾರಿ ಎಂದಾದರೂ ತನ್ನ ಪ್ರೇಯಸಿ ಐರಿಸ್‌ಳನ್ನು ಕೊಲ್ಲುತ್ತಾನೆಯೇ’ ಎಂಬುದೇ ಈ ಊಹೆಗೆ ಇದ್ದ ದೊಡ್ಡ ಆಕ್ಷೇಪ. ಉತ್ತರ ಸರಳವಾಗಿದೆ: ಅವಳು ಸತ್ತರೆ ಮಾತ್ರ ಬ್ಯಾರಿ ಹತಾಶನಾಗಿ ರೆಮ್ನೆಂಟ್‌ಗಳನ್ನು ಹುಟ್ಟಿಸುತ್ತಾನೆ, ಹುಟ್ಟಿಸಿದರೆ ಮಾತ್ರ ಸವಿತಾರ್ ಇರುತ್ತಾನೆ. ಮರು ಕಂತಿನಲ್ಲಿ ಬ್ಯಾರಿಯ ನೆನಪು ಅಳಿಸಿದಾಗ ಸವಿತಾರ್‌ನ ನೆನಪೂ ಅಳಿಯುತ್ತದೆ. ಇಬ್ಬರೂ ಒಬ್ಬನೇ ಎಂಬುದಕ್ಕೆ ಇದಕ್ಕಿಂತ ಪಕ್ಕಾ ಪರೀಕ್ಷೆ ಇಲ್ಲ.

ಪ್ರಶ್ನೆ: ಅದೇ ಸೀಸನ್ನಿನ ಇನ್ನೊಬ್ಬ ಮುಖವಾಡದ ಖಳ ಆಲ್ಕೆಮಿ ಯಾರು? (ಬಳ್ಳಾರಿ)

ಉತ್ತರ: ಪೊಲೀಸ್ ಪ್ರಯೋಗಾಲಯದಲ್ಲಿ ಬ್ಯಾರಿಯ ಸಹೋದ್ಯೋಗಿ ಜೂಲಿಯನ್ ಆಲ್ಬರ್ಟ್. 9ನೇ ಕಂತಿನಲ್ಲೇ ಮುಖವಾಡ ಕಳಚಿತು. ಆ ವರ್ಷವೇ ಕಥೆಗೆ ಬಂದವನು, ಬ್ಯಾರಿಯ ಜೊತೆ ಸದಾ ಜಗಳ ಕಾಯುವವನು. ಹಲವರು ಬೇಗನೆ ಹಿಡಿದರು. ತಾನು ಆಲ್ಕೆಮಿ ಎಂಬುದು ಜೂಲಿಯನ್‌ಗೇ ಗೊತ್ತಿರಲಿಲ್ಲ ಎಂಬುದನ್ನು ಊಹಿಸುವುದೇ ಕಷ್ಟವಾಗಿತ್ತು.

ಪ್ರಶ್ನೆ: ಇಂಥ ಧಾರಾವಾಹಿ ನೋಡುವಾಗ ನಾನೇ ಒಂದು ಊಹೆ ಕಟ್ಟಬೇಕು. ಏನನ್ನು ಬರೆದಿಟ್ಟುಕೊಳ್ಳಲಿ? (ಬೆಂಗಳೂರು)

ಉತ್ತರ: ಅನುಮಾನ ಇರುವ ಒಬ್ಬೊಬ್ಬರಿಗೂ ನೋಟ್‌ಬುಕ್ಕಿನ ಒಂದು ಪುಟ ಕೊಡಿ. ಖಳ ಕಾಣಿಸಿಕೊಂಡ ಪ್ರತಿ ದೃಶ್ಯಕ್ಕೂ ಕಂತಿನ ಸಂಖ್ಯೆ ಹಾಕಿ, ಆ ಹೊತ್ತಿನಲ್ಲಿ ಇವನು ಎಲ್ಲಿದ್ದ ಎಂದು ಬರೆಯಿರಿ. ‘ಬೇರೆಡೆ ಕಂಡ’ ಎಂದಿದ್ದರೆ ಹೊಡೆದುಹಾಕಬೇಡಿ, ಪೆನ್ಸಿಲ್ಲಿನಲ್ಲಿ ಪ್ರಶ್ನಾರ್ಥಕ ಹಾಕಿ. ಪ್ರತಿ, ಬಿಂಬ, ಇನ್ನೊಂದು ಭೂಮಿಯ ಜೋಡಿ ಇವೆಲ್ಲ ಆ ಕಥೆಯಲ್ಲಿ ಸಾಧ್ಯವೇ ಎಂಬುದರ ಮೇಲೆ ಅದು ನಿಲ್ಲುತ್ತದೆ. ಖಳ ಆಡಿದ ಮಾತಿನಲ್ಲಿ ಮೂರು ನಾಲ್ಕು ಜನರಿಗಷ್ಟೇ ಗೊತ್ತಿರಬೇಕಾದ ಸಂಗತಿ ಇದ್ದರೆ ಕೆಂಪು ಗೆರೆ ಎಳೆಯಿರಿ. ಕಾಮಿಕ್ಸ್‌ನ ಹೆಸರುಗಳನ್ನು ಬೇರೆ ಪುಟದಲ್ಲಿಡಿ, ಏಕೆಂದರೆ ಓದುಗರಿಗೆ ಗೊತ್ತಿದೆ ಎಂಬುದು ಬರೆಯುವವರಿಗೂ ಗೊತ್ತಿರುತ್ತದೆ, ಎಡ್ಡಿಯ ಅಡ್ಡಹೆಸರಿನಂತೆ ಅದನ್ನೇ ಗಾಳವಾಗಿಸುತ್ತಾರೆ.

ಎಲ್ಲಕ್ಕಿಂತ ಮೇಲಿನ ಸಾಲಿನಲ್ಲಿ ಒಂದು ಪ್ರಶ್ನೆ ಇರಲಿ: ಈ ಖಳ ಬದುಕಿ ಉಳಿಯಲು ಏನು ಬೇಕು? ಥಾನ್‌ಗೆ ಎಡ್ಡಿ ಜೀವಂತವಾಗಿರಬೇಕು. ಕಾಯಿಲೆಯ ಝೂಮ್‌ಗೆ ಬ್ಯಾರಿಯ ವೇಗ ಬೇಕು. ಸವಿತಾರ್‌ಗೆ ಐರಿಸ್ ಸಾಯಬೇಕು. ಮೂರು ಸೀಸನ್‌ಗಳಲ್ಲೂ ಉತ್ತರ ಈ ಸಾಲಿನಿಂದಲೇ ಬಂದಿದೆ, ಯಾರು ಯಾರಂತೆ ಕಾಣುತ್ತಾರೆ ಎಂಬುದರಿಂದಲ್ಲ. ಕಂತು ಮುಗಿದ ಕೂಡಲೇ ತುಂಬಿಸಿ. ಮರುವಾರ ನೆನಪಿನಿಂದ ಬರೆದರೆ ನಡುವೆ ಓದಿದ ಬೇರೆಯವರ ಊಹೆಗಳೂ ನೀವು ಕಂಡ ದೃಶ್ಯವೆಂಬಂತೆ ಪುಟಕ್ಕೆ ಇಳಿಯುತ್ತವೆ.